ಹುಲಿಯ ನವರಾತ್ರಿ

ವಿಜಯದಶಮಿಯ ಬೆಳಗ್ಗೆ ನಾನು ಸ್ನಾನ ಮುಗಿಸಿ, ನಾಮ ಇಟ್ಟುಕೊಂಡು, ತಾಳಗಳನ್ನು ಹುಣಿಸೆಹಣ್ಣಿನಲ್ಲಿ ಉಜ್ಜುತ್ತ ಕುಳಿತಿದ್ದೆ. ತೀರಿಹೋದ ನನ್ನ ತಮ್ಮನ ಮಗ ಆವಲಪ್ಪ ಬಂದು ಹೊಸ್ತಿಲ ಆಚೆಯೇ ನಿಂತ. ಒಳಗೆ ಬಾ ಎಂದರೆ ಬರಲಿಲ್ಲ.

"ಪುಟ್ಟಿ ಸತ್ತೋದ್ಳು ದೊಡ್ಡಪ್ಪ," ಅಂದ.

ಕೈಯಲ್ಲಿದ್ದ ತಾಳ ಕೆಳಗಿಟ್ಟೆ. ಯಾವಾಗ ಎಂದು ಕೇಳಿದೆನೋ ಇಲ್ಲವೋ ನೆನಪಿಲ್ಲ.

"ನೀರಿಕ್ಕಾಕ್ ಓದೆ. ತಣ್ಣಗಾಗಿದ್ಲು. ಅಬ್ಬ ಮುಗೀತಲ್ಲ, ಇನ್ಮ್ಯಾಲೆ ತಿನ್ಬೋದಾ ಅಂತ ನಿಮ್ಮನ್ನ ಕೇಳ್ಕೊಂಡ್ ಓಗಾನ ಅಂತ ಬಂದೆ."

ಇಷ್ಟು ಹೇಳಿ ಅವನು ಹಿಂದಿರುಗಿ ಹೊರಟುಹೋದ. ನಲವತ್ತೆರಡು ವರ್ಷದ ಗಂಡಸು, ಬೀದಿಯಲ್ಲಿ ಅಳುತ್ತ ಹೋದ. ಹಬ್ಬದ ದಿನ ಬಾಗಿಲು ತೊಳೆಯುತ್ತಿದ್ದ ಹೆಂಗಸರು ನಿಂತು ನೋಡಿದರು.

ಪುಟ್ಟಿ ಎಂದರೆ ಹೆಣ್ಣು ಹುಲಿ. ಸರ್ಕಸ್ಸಿನಲ್ಲಿ ಅದಕ್ಕೆ ಡಾಲಿ ಎಂದು ಹೆಸರಿತ್ತು. ಆವಲಪ್ಪ ಚಿಕ್ಕಂದಿನಲ್ಲಿ ಊರು ಬಿಟ್ಟು ಆ ಸರ್ಕಸ್ಸಿಗೆ ಸೇರಿದವನು. ಅದು ಬೋನಿನ ಗಾಡಿಯಲ್ಲಿ ಹುಟ್ಟಿದ ದಿನದಿಂದ ಹದಿನಾಲ್ಕು ವರ್ಷ ಅದಕ್ಕೆ ಅನ್ನ ನೀರು ಕೊಟ್ಟವನು ಅವನೇ. ಸರ್ಕಸ್ಸು ಮುಳುಗಿದಾಗ ಪೀಣ್ಯದಲ್ಲಿ ಸ್ಪ್ರಿಂಗ್ ಕಾರ್ಖಾನೆ ಇಟ್ಟಿದ್ದ ಹನುಮಂತರಾಯಪ್ಪ ಹುಲಿಯನ್ನೂ, ಹುಲಿಯ ಜೊತೆಗೆ ಆವಲಪ್ಪನನ್ನೂ ತಂದ. ಹುಲಿಗೆ ದುರ್ಗಾ ಎಂದು ಹೆಸರಿಟ್ಟ. ಆವಲಪ್ಪ ಮಾತ್ರ ಪುಟ್ಟಿ ಎಂದೇ ಕರೆಯುತ್ತಿದ್ದ. ಅದು ಅವನ ಕರೆಗೆ ಮಾತ್ರ ಕಿವಿ ತಿರುಗಿಸುತ್ತಿತ್ತು.

ಅವನು ಹುಲಿಯನ್ನು ತಂದದ್ದು ಎಂಬತ್ತನೆಯ ಇಸವಿಯಲ್ಲಿ. ಮಹದೇವಪುರದಿಂದ ವೈಟ್‌ಫೀಲ್ಡಿಗೆ ಹೋಗುವ ರಸ್ತೆಯಲ್ಲಿ, ನಮ್ಮ ಊರ ಕೆರೆಯ ಕೆಳಗೆ, ರಾಗಿ ಬೆಳೆಯುತ್ತಿದ್ದ ಆರು ಎಕರೆಗೆ ಹನುಮಂತರಾಯಪ್ಪ ತಂತಿಬೇಲಿ ಹಾಕಿಸಿದ. ಬಾಗಿಲಲ್ಲಿ 'ಶ್ರೀ ದುರ್ಗಾ ವ್ಯಾಘ್ರ ಸಂರಕ್ಷಣಾ ಉದ್ಯಾನ' ಎಂದು ಬೋರ್ಡು ನಿಂತಿತು. ಅದರ ಕೆಳಗೆ 'ಹುಲಿಯನ್ನು ಉಳಿಸಿ' ಎಂದು ದೊಡ್ಡ ಅಕ್ಷರ, ಅದರ ಕೆಳಗೆ 'ಕಾಫಿ ತಿಂಡಿ ಸಿಗುತ್ತದೆ' ಎಂದು ಸಣ್ಣ ಅಕ್ಷರ. ಒಂದೇ ಒಂದು ಹುಲಿಯನ್ನು, ಅದೂ ಹಲ್ಲು ಸವೆದ ಮುದುಕಿಯನ್ನು, ಹದಿನೈದು ಅಡಿ ಸಿಮೆಂಟಿನ ಮೇಲೆ ಕೆಡವಿಕೊಂಡು ಹುಲಿಯ ವಂಶ ಉಳಿಸುವ ಬಗೆ ಹೇಗಯ್ಯಾ ಎಂದು ಆ ಬೋರ್ಡು ಓದಿದವರಲ್ಲಿ ಒಬ್ಬನೂ ಕೇಳಲಿಲ್ಲ. ಬೋರ್ಡು ಅನಾವರಣ ಮಾಡಲು ಬಂದ ಮಂತ್ರಿಯೂ ಕೇಳಲಿಲ್ಲ. ಅವನು ಕಾಫಿ ಕುಡಿದು, ಹುಲಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದ.

ಹನುಮಂತರಾಯಪ್ಪ ಬಾಯಿಪಾಠ ಮಾಡಿದ್ದ ಮಾತು ಒಂದಿತ್ತು. ಬಂದವರಿಗೆಲ್ಲ ಅದನ್ನೇ ಒಪ್ಪಿಸುತ್ತಿದ್ದ.

"ಕಾಡಲ್ಲಿದ್ದಿದ್ರೆ ಇಷ್ಟೊತ್ತಿಗೆ ಯಾವನೋ ಗುಂಡು ಹೊಡ್ದು ಚರ್ಮ ಸುಲ್ದಿರ್ತಿದ್ದ ಕಣ್ರೀ. ಇಲ್ಲಿ ಸೇಫಾಗಿದೆ. ಮಕ್ಳು ಬಂದು ನೋಡ್ತಾರೆ, ಪ್ರೀತಿ ಹುಟ್ಟುತ್ತೆ. ಪ್ರೀತಿ ಹುಟ್ಟಿದ್ರೆ ಕಾಡು ತಾನಾಗೇ ಉಳಿಯುತ್ತೆ."

ಆ ಮಕ್ಕಳನ್ನು ನಾನು ನೋಡಿದ್ದೇನೆ. ಶಾಲೆಯ ಬಸ್ಸಿನಿಂದ ಇಳಿದು ಬಂದು ಕಡಲೆಕಾಯಿ ಎಸೆದರು. ಹುಲಿ ಏಳಲಿಲ್ಲವೆಂದು ಚಪ್ಪಲಿ ಎಸೆದರು. ಮೇಷ್ಟರು ಬಿಸಿಲಿಗೆ ತಲೆಯ ಮೇಲೆ ಕರ್ಚೀಫು ಹಾಕಿಕೊಂಡು "ಬೇಗ ನೋಡ್ಕೊಳ್ರೋ" ಎಂದರು. ಹುಲಿ ಎಂದರೆ ಬಿದ್ದುಕೊಂಡಿರುವ ಪ್ರಾಣಿ, ದುಡ್ಡು ಕೊಟ್ಟವನು ಎಬ್ಬಿಸಬಹುದಾದ ಪ್ರಾಣಿ ಎಂಬಷ್ಟನ್ನು ಆ ಮಕ್ಕಳು ಕಲಿತು ಹೋದರು. ವಿದೇಶದವರೂ ಬರುತ್ತಿದ್ದರು. ಅವರು ಮೊದಲು ಅಯ್ಯೋ ಎಂಬಂತೆ ಮುಖ ಮಾಡಿಕೊಂಡು, ಆಮೇಲೆ ಕ್ಯಾಮೆರಾ ತೆಗೆಯುತ್ತಿದ್ದರು.

ಒಮ್ಮೆ ನಾನು ಆವಲಪ್ಪನನ್ನು, "ಇದನ್ನ ಕಾಡಿಗೆ ಬಿಟ್ಟರೆ ಏನಾಗುತ್ತೋ?" ಎಂದು ಕೇಳಿದ್ದೆ.

"ಸಾಯ್ತಾಳೆ ದೊಡ್ಡಪ್ಪ. ಒಂದ್ ಮೊಲ ಇಡಿಯಾಕ್ ಬರಲ್ಲ ಇವ್ಳಿಗೆ. ಬೋನಿಗಾಕಿದ್ದು ಯಾವನೋ, ಅವ್ನ ಪಾಪ ಅವ್ನಿಗಿರ್ಲಿ. ಈಗ ಇದೇ ಮನೆ ಆಗೋಗೈತೆ. ಮನೇಗಿಕ್ಕೊಂಡ್ ಮ್ಯಾಲೆ ಒಟ್ಟೆ ತುಂಬ ಇಕ್ಬೇಕು. ಇಕ್ಕಾಕಾಗ್ದಿದ್ರೆ ಇಟ್ಕೋಬಾರ್ದು. ಅಷ್ಟೆಯ."

ಸಂರಕ್ಷಣೆಯ ವಿಷಯದಲ್ಲಿ ಆ ಆರು ಎಕರೆಯೊಳಗೆ ಯಾರಾದರೂ ಆಡಿದ ಬುದ್ಧಿಯ ಮಾತು ಅದೊಂದೇ.

ಈಗ ನನ್ನ ವಿಷಯ ಹೇಳಬೇಕು. ನನ್ನ ಹೆಸರು ದೊಡ್ಡಮುನಿಯಪ್ಪ. ಸರ್ಕಾರದ ದನದ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಕಾಂಪೌಂಡರಾಗಿದ್ದವನು. ನಾವು ವೆಂಕಟರಮಣನ ಒಕ್ಕಲು. ಊರಲ್ಲಿ ಎಲ್ಲರೂ ಮಾಂಸ ತಿನ್ನುವವರೇ. ಪಿಂಚಣಿಗೆ ಬಂದ ವರ್ಷ ನಾನು ತಿರುಪತಿಯಲ್ಲಿ ಮಾಂಸ ಬಿಟ್ಟು ಬಂದೆ. ಅಂದಿನಿಂದ ಭಜನೆ ಮಂಡಳಿಗೆ ನಾನೇ ಮುಖ್ಯಸ್ಥ. ಬಿಟ್ಟವನು ಬಿಟ್ಟೆನೆಂದು ಸುಮ್ಮನಿರಬೇಕು. ನಾನು ಸುಮ್ಮನಿರಲಿಲ್ಲ. ಬಿಡದವರನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿ ನೋಡುವ ಚಟ ನನಗೆ ಹತ್ತಿತ್ತು.

ಪಿತೃಪಕ್ಷದಲ್ಲಿ ಹನುಮಂತರಾಯಪ್ಪ ಅಂಬಾಸಿಡರ್ ಕಾರಿನಲ್ಲಿ ಮನೆಗೆ ಬಂದ.

"ಕಾಂಪೌಂಡರ್ ಸಾಹೇಬ್ರೇ, ಈ ಸಲ ನವರಾತ್ರಿ ನಮ್ಮ ಗಾರ್ಡನ್ನಲ್ಲೇ. ಹುಲಿ ಮುಂದೆ ಕಳಶ, ಕಳಶದ ಮುಂದೆ ನಿಮ್ಮ ಭಜನೆ. ಬೆಂಗ್ಳೂರೇ ಬರುತ್ತೆ ನೋಡಿ. ಆಮೇಲೆ ನಿಮ್ಮ ಮಂಡಳಿಗೆ ಕಲ್ಲಿನ ಮಂಟಪ ಕಟ್ಟಿಸ್ಕೊಡೋದು ನನ್ನ ಜವಾಬ್ದಾರಿ."

ನನಗೆ ಸಂತೋಷವಾಯಿತು. ಸಂತೋಷವಾದ ಕೂಡಲೇ ದೊಡ್ಡತನ ತೋರಿಸಬೇಕೆನಿಸಿತು. ಕಳಶ ಇಟ್ಟ ಅಂಗಳಕ್ಕೆ ಒಂಬತ್ತು ದಿನ ಮಾಂಸ ಬರಕೂಡದು ಎಂದೆ.

"ಅದು ತಿನ್ನೋದೇ ಅದನ್ನಲ್ವಾ?"

"ಮಾಂಸಾಹಾರಿ ಪ್ರಾಣಿಗೆ ವಾರಕ್ಕೊಂದು ದಿನ ಉಪವಾಸ ಹಾಕೋ ವಾಡಿಕೆ ಎಲ್ಲಾ ಕಡೆ ಇದೆ. ಒಂಬತ್ತು ದಿನ ಹಾಲು ಅನ್ನ ಕೊಡಿ. ದೇವಿಯ ವಾಹನ, ಅದೂ ವ್ರತ ಮಾಡಿದ ಹಾಗಾಯ್ತು."

ಒಂದು ದಿನವನ್ನು ಒಂಬತ್ತು ಮಾಡಿದವನು ನಾನೇ. ಬೆಳೆದ ಬೆಕ್ಕಿಗೇ ಹಾಲು ಹೆಚ್ಚಾದರೆ ಭೇದಿಯಾಗುತ್ತದೆಂದು ಬಲ್ಲ ಕಾಂಪೌಂಡರು ಈ ಮಾತು ಹೇಳಿದ. ಮಾಂಸದ ಖರ್ಚು ಉಳಿದು, ಭಕ್ತರ ಗುಂಪು ಬರುವುದಾದರೆ ಹನುಮಂತರಾಯಪ್ಪನಿಗೆ ಅಡ್ಡಿಯೇನು? ಕೈಮುಗಿದು ಹೋದ.

ಒಳಗಿಂದ ನನ್ನ ಹೆಂಡತಿ ಅಶ್ವತ್ಥಮ್ಮ ಎಲ್ಲ ಕೇಳಿಸಿಕೊಂಡಿದ್ದಳು.

"ಮಾರಮ್ಮನ ಮುಂದೆ ಕುರಿ ಕಡಿಯೋ ಊರು ಇದು. ದೇವ್ರಿಗೇ ಇಲ್ದಿರೋ ಉಪಾಸ ಉಲಿಗ್ಯಾಕೆ?"

"ನಿನಗೆ ಇದೆಲ್ಲ ತಿಳಿಯಲ್ಲ, ಸುಮ್ನಿರು."

"ನಂಗೂ ತಿಳಿಯಲ್ಲ, ಆ ಉಲಿಗೂ ತಿಳಿಯಲ್ಲ. ತಿಳ್ದೋರು ನೀವೊಬ್ರೇ. ನೀವು ಬುಟ್ರಿ, ಸರಿ. ನಿಮ್ಮನ್ನ ನೋಡ್ಕೊಂಡು ನಾನ್ ಬುಟ್ನಾ? ಅದ್ಯಾಕ್ ಬುಡ್ಬೇಕು?"

ಮಹಾಲಯ ಅಮಾವಾಸ್ಯೆಯ ದಿನ ಊರೆಲ್ಲ ಹಿರಿಯರ ಹೆಸರಿನಲ್ಲಿ ಎಡೆ ಇಟ್ಟು ಮಾಂಸದ ಊಟ ಮಾಡಿತು. ಪುಟ್ಟಿಯೂ ಅಂದು ತಿಂದಳು. ಅದೇ ಕೊನೆ.

ಮೊದಲೆರಡು ದಿನ ಹಾಲಿನ ಬೇಸಿನ್ನನ್ನು ಮೂಸಿ ತಿರುಗಿ ಮಲಗಿದಳು. ಮೂರನೆಯ ದಿನ ಹಸಿವು ತಡೆಯದೆ ಕುಡಿದಳು. ನಾಲ್ಕನೆಯ ದಿನದಿಂದ ಭೇದಿ ಹಿಡಿಯಿತು. ವಾಸನೆ ಬರುತ್ತದೆಂದು ಹನುಮಂತರಾಯಪ್ಪ ಸಾಂಬ್ರಾಣಿ ಹೆಚ್ಚು ಹಾಕಿಸಿದ. ಭಕ್ತರು ಮನೆಯಿಂದ ಚೆಂಬುಗಳಲ್ಲಿ ಇನ್ನಷ್ಟು ಹಾಲು ತಂದು ಸುರಿದರು. ಅವಳು ಕಣ್ಣುಮುಚ್ಚಿ ಬಿದ್ದಿದ್ದರೆ, "ನೋಡಿ, ದೇವಿ ಎಷ್ಟು ಶಾಂತವಾಗಿದ್ದಾಳೆ" ಎಂದು ಕೆನ್ನೆ ಬಡಿದುಕೊಂಡರು. ನಾನು ಕಳಶದ ಮುಂದೆ ತಾಳ ಹಾಕುತ್ತ ಕುಳಿತಿದ್ದೆ. ಅವಳ ಪಕ್ಕೆಯ ಎಲುಬು ನನಗೆ ಕಾಣುತ್ತಿತ್ತು. ವ್ರತ ಮುಗಿದ ಮೇಲೆ ತಿಂದು ಸರಿಹೋಗುತ್ತದೆ ಎಂದುಕೊಂಡೆ. ದನದ ಆಸ್ಪತ್ರೆಯಲ್ಲಿ ಇಂಥ ಮಾತು ಹೇಳಿಕೊಂಡು ಎಮ್ಮೆಯನ್ನು ತಡವಾಗಿ ತಂದ ರೈತರನ್ನು ನಾನು ಎಷ್ಟು ಬೈದಿಲ್ಲ!

ಆರನೆಯ ದಿನ ಸಂಜೆ ಕೈಕಾಲು ತೊಳೆಯಲು ಹಿಂದಿನ ಗೇಟಿನ ನಲ್ಲಿಗೆ ಹೋದೆ. ಆವಲಪ್ಪ ಸೈಕಲ್ಲಿನಿಂದ ಒಂದು ಗೋಣಿಚೀಲ ಇಳಿಸುತ್ತಿದ್ದ. ಚೀಲದ ತಳ ಒದ್ದೆಯಾಗಿತ್ತು.

"ಏನೋ ಅದು?"

"ಎಮ್ಮೆ ಮಾಂಸ. ನಾಕು ಕೇಜಿ." ಅವನು ಸುಳ್ಳು ಹೇಳಲಿಲ್ಲ. "ದೊಡ್ಡಪ್ಪ, ಒಂದ್ ಗಳಿಗೆ ಕಣ್ ಮುಚ್ಕೊಂಬುಡಿ. ಅವ್ಳು ಕಾಲ್ ಎತ್ತಾಕಿಲ್ಲ. ಪಾಪ ಬರೋದಾದ್ರೆ ನಂಗೇ ಬರ್ಲಿ, ನನ್ ಎಂಡ್ತಿ ಮಕ್ಳಿಗೇ ಬರ್ಲಿ."

"ಕಳಶದಿಂದ ಇಪ್ಪತ್ತು ಗಜವೂ ಇಲ್ಲ. ಇನ್ನು ಮೂರು ದಿನ ತಡಿಯೋಕ್ಕಾಗಲ್ವಾ ನಿನಗೆ?"

"ನಂಗಾಯ್ತದೆ. ನಾನ್ ಮೂರೊತ್ತೂ ಉಣ್ತಾ ಇವ್ನಿ."

"ಒಳಗೆ ತಗೊಂಡು ಹೋದರೆ ಮಾಲೀಕರಿಗೆ ಹೇಳ್ತೀನಿ. ಕೆಲಸ ಹೋಗುತ್ತೆ. ಬೋನಿನ ಬೀಗದ ಕೈ ಬೇರೆಯವನ ಕೈಗೆ ಹೋಗುತ್ತೆ. ಯೋಚನೆ ಮಾಡು."

ಅವನು ನನ್ನ ಮುಖ ನೋಡಿದ. ನನ್ನ ತಮ್ಮ ತೀರಿಕೊಂಡಾಗ ಈ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಮಶಾನದಿಂದ ಬಂದವನು ನಾನು. ಅವನು ಚೀಲವನ್ನು ಕೆರೆಯ ಏರಿಗೆ ಹೊತ್ತುಕೊಂಡು ಹೋಗಿ, ನಾಯಿಗಳಿಗೆ ಸುರಿದ. ನಾಯಿಗಳ ಕಚ್ಚಾಟದ ಸದ್ದು ಬೋನಿನವರೆಗೂ ಬಂತು. ಅವಳು ತಲೆ ಎತ್ತಿ ಮೂಗು ಅರಳಿಸಿದಳು. ನಾನು ಹೋಗಿ ಮಂಗಳಾರತಿಯ ಪದ ಹೇಳಿಸಿದೆ. ಗಂಟಲು ಆ ದಿನ ಚೆನ್ನಾಗಿ ಬಂದಿತ್ತು.

ಆಯುಧಪೂಜೆಯ ದಿನ ಪೀಣ್ಯದಿಂದ ಎರಡು ಲಾರಿ ತುಂಬ ಕಾರ್ಖಾನೆಯ ಜನ ಬಂದರು. ಲಾರಿಗೆ ಬಾಳೆಕಂದು, ಬೋನಿಗೆ ಚೆಂಡುಹೂವು, ಎಲ್ಲರ ಕೈಯಲ್ಲೂ ಪುರಿ ಬೂಂದಿಯ ಪೊಟ್ಟಣ. ಬೂದುಗುಂಬಳ ಒಡೆದರು. ಜರಿಯ ಹಾರವೊಂದನ್ನು ಕಂಬಿಯ ಒಳಗೆ ಅವಳ ಮೇಲೆಯೇ ಎಸೆದರು. ಹುಲಿ ಏಳಲಿಲ್ಲವೆಂದು ಒಬ್ಬ ಮೇಸ್ತ್ರಿ ಸ್ಪ್ಯಾನರಿನಿಂದ ಕಂಬಿಗೆ ಬಡಿದ. ಆವಲಪ್ಪ ಅವನ ಕೈ ಹಿಡಿಯಲು ಹೋದರೆ ಇಬ್ಬರು ಆವಲಪ್ಪನನ್ನು ಹಿಡಿದುಕೊಂಡರು. ಅವಳು ಮುಂಗಾಲೂರಿ ಅರ್ಧ ಎದ್ದು, ಹಾಗೆಯೇ ಕುಸಿದಳು.

"ನೋಡಿದ್ರಾ, ನಮಸ್ಕಾರ ಮಾಡಿದ್ಲು!" ಎಂದ ಹನುಮಂತರಾಯಪ್ಪ. ಜನ ಚಪ್ಪಾಳೆ ತಟ್ಟಿದರು. ದೇವರನ್ನೂ ನೋಡಬಾರದು, ಪ್ರಾಣಿಯನ್ನೂ ನೋಡಬಾರದು, ಎರಡನ್ನೂ ನೋಡಿದೆವೆಂದು ಹೇಳಿಕೊಂಡು ಮನೆಗೆ ಹೋಗಬೇಕು. ಇಂಥ ಜನಕ್ಕೆ ಇಂಥ ಉದ್ಯಾನವೇ ಸರಿ.

ಮರುದಿನ ಅವಳು ಸತ್ತಳು.

ಹತ್ತು ಗಂಟೆಗೆ ಅರಣ್ಯ ಇಲಾಖೆಯ ರೇಂಜರು ಜೀಪಿನಲ್ಲಿ ಬಂದ. ಜೊತೆಗೆ ದನದ ಆಸ್ಪತ್ರೆಯ ಹೊಸ ಡಾಕ್ಟರು. ನಾನು ಹಳೆಯ ಕಾಂಪೌಂಡರೆಂದು ತಿಳಿದು, ಬೇಸಿನ್ ಹಿಡಿಯಲು ಡಾಕ್ಟರು ನನ್ನನ್ನೇ ಕರೆದರು. ಹೊಟ್ಟೆಯಲ್ಲಿ ಒಡೆದು ಗಟ್ಟಿಯಾದ ಹಾಲು, ಒಂದಿಷ್ಟು ಅನ್ನ, ಕಾಯಿಚೂರು, ಜರಿಯ ಹಾರದ ಒಂದು ತುಂಡು ಇತ್ತು. ನಾನು ಮೂವತ್ತೊಂದು ವರ್ಷ ಬೇಸಿನ್ ಹಿಡಿದಿದ್ದೇನೆ. ಅಂದು ಅದರಲ್ಲಿ ಬಿದ್ದದ್ದು ನಾನೇ ಹೇಳಿ ಹಾಕಿಸಿದ ಊಟ.

"ಒಂದು ಚೂರು ಮಾಂಸ ಇಲ್ಲ. ಎಷ್ಟೋ ದಿನದಿಂದ ತಿಂದಿಲ್ಲ ಇದು," ಎಂದರು ಡಾಕ್ಟರು.

ಉಪವಾಸ ಕೆಡವಿದರೆ ಹುಲಿ ಸಾಕುವ ಪರವಾನಗಿ ಹೋಗುತ್ತದೆಂದು ಹನುಮಂತರಾಯಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ರೆಪ್ಪೆ ಮಿಟುಕಿಸದೆ ಹೇಳಿದ: "ದಿನಾ ಆರು ಕೇಜಿ ಕೊಟ್ಟಿದೀನಿ ಸಾರ್. ಇವನು ಹೊರಗೆ ಮಾರ್ಕೊಂಡಿದಾನೆ. ಆರನೇ ದಿನ ಇವನು ಚೀಲ ಹೊತ್ಕೊಂಡು ಕೆರೆ ಕಡೆ ಹೋಗಿದ್ದನ್ನ ವಾಚ್‌ಮನ್ ನೋಡಿದಾನೆ."

ಆವಲಪ್ಪ ಬಾಯಿ ತೆರೆಯಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವನನ್ನು ಜೀಪಿನ ಹಿಂದೆ ಕೂರಿಸಿದರು. ಹುಲಿಯನ್ನು ಕೊಂದವನೆಂದು ಕೇಸಾದರೆ ವರ್ಷಗಟ್ಟಲೆ ಜೈಲು. ಅದಕ್ಕಿಂತ ಹೆಚ್ಚಾಗಿ, ಪುಟ್ಟಿಯ ಬಾಯಿಂದ ತುತ್ತು ಕದ್ದವನೆಂಬ ಹೆಸರು ಅವನಿಗೆ ಸಾಯುವವರೆಗೂ ಅಂಟುತ್ತಿತ್ತು.

ಹನುಮಂತರಾಯಪ್ಪ ನನ್ನ ಭುಜ ಹಿಡಿದು ಕಳಶದ ಚಪ್ಪರದ ಹಿಂದಕ್ಕೆ ಕರೆದುಕೊಂಡು ಹೋದ.

"ಸಾಹೇಬ್ರೇ, ನೀವು ಸುಮ್ನಿದ್ದುಬಿಡಿ. ಬಾಯಿ ಬಿಟ್ರೆ ಮೊದ್ಲು ಬರೋದು ನಿಮ್ಮ ಹೆಸ್ರು. ಉಪವಾಸ ಹೇಳಿದ್ದು ಯಾರು? ಆವಲಪ್ಪನ್ನ ಆಮೇಲೆ ನಾನೇ ಬಿಡಿಸ್ಕೊಂಡು ಬರ್ತೀನಿ. ಮಂಟಪದ ಕಲ್ಲೂ ಆರ್ಡರ್ ಆಗಿದೆ. ಈ ಚರ್ಮ ಕೊಟ್ರೆ ಹುಲ್ಲು ತುಂಬ್ಸಿ ಇಲ್ಲೇ ನಿಲ್ಲಿಸ್ತೀನಿ. ನೋಡೋ ಜನಕ್ಕೆ ಏನು ವ್ಯತ್ಯಾಸ?"

ನಿಜವೇ. ನೋಡುವ ಜನಕ್ಕೆ ಏನೂ ವ್ಯತ್ಯಾಸವಿರಲಿಲ್ಲ. ಹುಲ್ಲು ತುಂಬಿದ ಹುಲಿಯಾದರೆ ನವರಾತ್ರಿಗೂ ತೊಂದರೆ ಕೊಡುವುದಿಲ್ಲ. ಅವನ ಮುಖ ನೋಡಿ ನನಗೆ ಅಸಹ್ಯವಾಯಿತು. ಆದರೆ ಅವನು ಹುಲಿಯನ್ನು ವ್ಯಾಪಾರಕ್ಕೆ ಇಟ್ಟುಕೊಂಡವನು, ಹಾಗೆಂದು ಒಳಗೊಳಗೆ ತಿಳಿದವನು. ನಾನು ಅದೇ ಹುಲಿಯನ್ನು ನನ್ನ ಮಡಿಯ ಪ್ರದರ್ಶನಕ್ಕೆ ಇಟ್ಟುಕೊಂಡು, ಅದಕ್ಕೆ ಭಕ್ತಿ ಎಂದು ಹೆಸರು ಕೊಟ್ಟವನು. ಇಬ್ಬರಲ್ಲಿ ಹೆಚ್ಚು ಅಸಹ್ಯ ಯಾರೆಂದು ಅಳೆಯುತ್ತ ನಿಂತರೆ ಜೀಪು ಹೊರಟುಬಿಡುತ್ತಿತ್ತು. ನಾನು ಹೋಗಿ ಜೀಪಿನ ಮುಂದೆ ನಿಂತೆ.

"ಈ ಹುಲಿಗೆ ಒಂಬತ್ತು ದಿನ ಮಾಂಸ ಕೊಡಬೇಡಿ ಅಂತ ಹೇಳಿದವನು ನಾನು. ಮಾಲೀಕರು ಕೊಡಲಿಲ್ಲ. ಇವನು ತಂದ ಮಾಂಸವನ್ನ ನಾಯಿಗೆ ಹಾಕಿಸಿದವನೂ ನಾನೇ. ಬರ್ಕೊಳ್ಳಿ."

ರೇಂಜರು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. "ಯಜಮಾನ್ರೇ, ವಯಸ್ಸಾದೋರು ನೀವು. ಭಕ್ತಿಯಿಂದ ಉಪವಾಸ ಹಾಕಿ ಹುಲಿ ಸತ್ತಿದೆ ಅಂತ ಬರೆದ್ರೆ ಮೇಲಿನೋರು ನಗ್ತಾರೆ. ಕಳ್ಳತನ ಅಂದ್ರೆ ಯಾರೂ ಏನೂ ಕೇಳಲ್ಲ."

"ನಗಲಿ. ಕಾಗದ ಕೊಡಿ ಇಲ್ಲಿ."

ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ನಾನೇ ಬರೆದು ಸಹಿ ಹಾಕಿದೆ. ಸಾಕ್ಷಿ ಯಾರೆಂದು ರೇಂಜರು ಕೇಳಿದ. ಭಜನೆ ಮಂಡಳಿಯ ಏಳು ಜನ ಅಲ್ಲೇ ಇದ್ದರು. ಒಂಬತ್ತು ದಿನ ನನ್ನ ಹಿಂದೆ ತಪ್ಪದೆ ಸೊಲ್ಲು ಹೇಳಿದವರು. ಒಬ್ಬನಿಗೂ ಏನೂ ನೆನಪಿರಲಿಲ್ಲ. ಒಬ್ಬ ಕೆಮ್ಮಿದ, ಒಬ್ಬ ಎಮ್ಮೆ ಹಾಲು ಕರೆಯಬೇಕೆಂದು ಮಧ್ಯಾಹ್ನ ಹನ್ನೆರಡಕ್ಕೆ ಹೊರಟ. ಗುಂಪಿನ ಹಿಂದಿನಿಂದ ಅಶ್ವತ್ಥಮ್ಮ ಸೆರಗು ಬಿಗಿದುಕೊಂಡು ಮುಂದೆ ಬಂದಳು.

"ನಮ್ಮನೆ ಜಗ್ಲಿ ಮ್ಯಾಲೆ ಕುಂತ್ಕೊಂಡು ಇಬ್ರೂ ಮಾತಾಡಿದ್ದು. ಕಾಫಿ ಕೊಟ್ಟೋಳು ನಾನು. ಎಲ್ಲೊತ್ಬೇಕು ಎಬ್ಬೆಟ್ಟು?"

ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ಹನುಮಂತರಾಯಪ್ಪನ ಹೂವಿನ ಚಪ್ಪರದ ಬಟ್ಟೆಗೆ ಒರೆಸಿಕೊಂಡಳು. ನನ್ನನ್ನು ಒಮ್ಮೆ ನೋಡಿ ಮನೆಯ ಕಡೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು.

ಡಾಕ್ಟರು ತಮ್ಮ ವರದಿಯನ್ನು ಆ ಹೇಳಿಕೆಗೆ ಸೇರಿಸಿದರು. ಆವಲಪ್ಪನನ್ನು ಜೀಪಿನಿಂದ ಇಳಿಸಿದರು. ಸಂಜೆ ಕೆರೆಯ ಏರಿಯ ಕೆಳಗೆ ನೀಲಗಿರಿ ಸೌದೆ ಪೇರಿಸಿ, ಚರ್ಮ ಉಗುರು ಸಮೇತ ಪುಟ್ಟಿಯನ್ನು ಸುಟ್ಟರು. ರೇಂಜರು ಅಷ್ಟಾದರೂ ಮಾಡಿದ. ಹನುಮಂತರಾಯಪ್ಪ ಕಾರಿನಿಂದ ಇಳಿಯಲಿಲ್ಲ. ಪರವಾನಗಿಯ ಕಾಗದವನ್ನು ಇಲಾಖೆಯವರು ತೆಗೆದುಕೊಂಡು ಹೋದರು. ವಿಚಾರಣೆಗೆ ನನ್ನನ್ನೂ ಕರೆಯುತ್ತಾರಂತೆ. ಹೋಗುತ್ತೇನೆ. ಹನುಮಂತರಾಯಪ್ಪನೋ, ಈಗಾಗಲೇ ತನ್ನ ಮಗನ ಹೆಸರಿನಲ್ಲಿ ಒಂದು ಜೊತೆ ಹುಲಿಮರಿಗೆ ಅರ್ಜಿ ಹಾಕಿದ್ದಾನೆಂದು ಕೇಳಿದೆ. ಬೋರ್ಡು ಇನ್ನೂ ಇಳಿಸಿಲ್ಲ. ಭಜನೆ ಮಂಡಳಿ ಬೇರೆ ಮುಖ್ಯಸ್ಥನನ್ನು ಆರಿಸಿಕೊಂಡಿದೆ. ಅವರಿಗೆ ಮಂಟಪ ಸಿಗಲಿ.

ನಮ್ಮಲ್ಲಿ ಹನ್ನೊಂದನೆಯ ದಿನ ತಿಥಿ ಮಾಡಿ, ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡುತ್ತೇವೆ. ಆವಲಪ್ಪ ಪುಟ್ಟಿಗೆ ಎಡೆ ಇಡುತ್ತಾನೆಂದು ತಿಳಿಯಿತು. ಊರಿನವರು ನಕ್ಕರು. ಹಿಂದಿನ ದಿನ ನಾನು ಅವನ ಮನೆಗೆ ಹೋದೆ.

"ಮಾಂಸ ನಾನು ತರ್ತೀನಿ ಕಣೋ."

ಅವನು ನನ್ನ ಹಣೆಯತ್ತ ನೋಡಿ, "ನಾಮ ಇಟ್ಕೊಂಡು ಕಸಾಯಿ ಅಂಗ್ಡಿಗಾ?" ಎಂದ.

"ಹೂಂ."

"ಎಮ್ಮೇದು ಕೇಳಿ. ಮೂಳೆ ಜಾಸ್ತಿ ಆಕುಸ್ಕೊಂಡ್ ಬನ್ನಿ. ಮೂಳೆ ಕಡಿಯಾದು ಅಂದ್ರೆ ಅವ್ಳಿಗೆ ಆಸೆ."

ಇಂದು ಬೆಳಗ್ಗೆ ಹೋದೆ. ಅಂಗಡಿಯವನು ನನ್ನನ್ನು ನೋಡಿ ದಾರಿ ತಪ್ಪಿ ಬಂದಿದ್ದೇನೆಂದುಕೊಂಡ. ಆರು ಕೇಜಿ ಹಾಕಿಸಿ, ಕೈಯಲ್ಲೇ ಹಿಡಿದು ತಂದೆ. ರಕ್ತ ಪಂಚೆಗೆ ತೊಟ್ಟಿಕ್ಕಿತು. ಸುಟ್ಟ ಜಾಗದಲ್ಲಿ ಬಾಳೆಯೆಲೆ ಹಾಸಿ ಆವಲಪ್ಪನೂ ನಾನೂ ಬಡಿಸಿದೆವು. ಅವನು ಎಲೆಯ ಸುತ್ತ ನೀರು ಬಿಟ್ಟು, "ನೀವೇ ಮಂತ್ರ ಏಳಿ ದೊಡ್ಡಪ್ಪ, ನಂಗೆ ಬರಾಕಿಲ್ಲ," ಎಂದ. ನಾನು ಕೈಮುಗಿದೆ. ಕಲಿತ ಸ್ತೋತ್ರ ಯಾವುದೂ ಬಾಯಿಗೆ ಬರಲಿಲ್ಲ. ಬಂದದ್ದು ಇಷ್ಟು:

ವೆಂಕಟರಮಣ, ಇವಳು ಯಾರಿಗೂ ವ್ರತ ಹೊತ್ತವಳಲ್ಲ. ನಾವು ಹೊರಿಸಿದ್ದು ಇವಳ ಲೆಕ್ಕಕ್ಕೆ ಸೇರದಿರಲಿ. ಹುಟ್ಟಿದಂದಿನಿಂದ ಜನ ಇವಳನ್ನು ನೋಡಿದ್ದಾರೆ. ಇನ್ನು ಯಾರ ಕಣ್ಣೂ ಬೀಳದ ಕಡೆ, ನೆರಳಿರುವ ಕಡೆ, ಮಣ್ಣಿನ ನೆಲದ ಮೇಲೆ ಇವಳನ್ನು ಮಲಗಿಸು. ಹಸಿವು ಇಲ್ಲದ ಹಾಗೆ ನೋಡಿಕೋ. ನಮ್ಮ ಗಂಟೆಯ ಸದ್ದು ಅಲ್ಲಿಗೆ ಬಾರದಿರಲಿ. ಪುಟ್ಟಿ ನೆಮ್ಮದಿಯಾಗಿ ನಿದ್ದೆ ಮಾಡಲಿ, ತಂದೆ.